ಇಪ್ಪತ್ತೆರಡು ನೀರಿನ ಬಾಟಲಿ

ಮನೆಯಲ್ಲಿ ಅಜ್ಜಿ ಅವಳಿಗೆ ಇಟ್ಟ ಹೆಸರು ಮೂಗುಮುರುಕಿ. ಹಾಲಿನ ಮೇಲೆ ಕೆನೆ ಕಂಡರೂ ಲೋಟ ದೂರ ತಳ್ಳುವ ಹುಡುಗಿ. ಅಂಥವಳು ಶಿಶುವಿಹಾರಕ್ಕೆ ಸೇವೆಗೆ ಹೊರಟಳೆಂದರೆ ಯಾರು ನಂಬಬೇಕು? ಪುಣ್ಯಕ್ಕೇನೂ ಅಲ್ಲ ಬಿಡಿ. ನಲವತ್ತು ಗಂಟೆ ಸೇವೆ ಮಾಡಿ, ಅಲ್ಲಿನ ದೊಡ್ಡ ಟೀಚರ್ ಸಹಿ ಹಾಕಿದ ಕಾಗದ ತಾರದಿದ್ದರೆ ಕಾಲೇಜಿನವರು ಪರೀಕ್ಷೆಗೆ ಕೂರಿಸುವುದಿಲ್ಲ, ವರ್ಷವೇ ಹಾಳು.

ಮೊದಲ ದಿನವೇ ನೋಡಿ. ಒಂದು ಮಗುವಿನ ಸಿಂಬಳ ತುಟಿ ದಾಟಿತ್ತು. ಇನ್ನೊಂದು ಅಗಿದ ಬಿಸ್ಕತ್ತನ್ನು ಬಾಯಿಂದ ತೆಗೆದು "ಇಟ್ಕೋ" ಎಂದು ಅವಳ ಅಂಗೈಗೆ ಒಪ್ಪಿಸಿತು. ಛೀ! ಮನೆಗೆ ಹೋಗಿ ಮೂರು ಸಲ ಸೋಪು ಹಚ್ಚಿ ಕೈ ತೊಳೆದಳು. ಅದರಲ್ಲೂ ಗುಬ್ಬಿ ಎಂಬ ನಾಲ್ಕು ವರ್ಷದ ಚೋಟುದ್ದ ಹುಡುಗಿ ಇವಳ ಕಿರುಬೆರಳು ಹಿಡಿದರೆ ಬಿಡುತ್ತಲೇ ಇರಲಿಲ್ಲ. ಅಂಟಂಟು ಕೈ. ಹಾಳಾಗಲಿ ಎಂದು ಇವಳೂ ಸುಮ್ಮನಿದ್ದಳು.

ಮಕ್ಕಳ ಗಲೀಜಿಗೆ ವಾರದಲ್ಲಿ ಒಗ್ಗಿಕೊಂಡಳು. ಒಗ್ಗದ್ದು ಬೇರೆ. ಇಪ್ಪತ್ತೆರಡು ಮಕ್ಕಳು, ಒಂದೇ ಕಕ್ಕಸು, ಆಯಾ ಕೆಲಸ ಬಿಟ್ಟು ಎರಡು ತಿಂಗಳು. ದೊಡ್ಡ ಟೀಚರ್ ಕಂಡುಕೊಂಡ ಉಪಾಯ ಕೇಳಿ: ಬೆಳಿಗ್ಗೆಯೇ ನೀರಿನ ಬಾಟಲಿಗಳನ್ನೆಲ್ಲ ಮಕ್ಕಳ ಕೈಗೆಟುಕದ ಹಲಗೆಯ ಮೇಲೆ ಇಟ್ಟುಬಿಡುವುದು. ತಿಂಡಿಯ ಹೊತ್ತಿಗೆ ಒಂದೊಂದು ಗುಟುಕು, ಅಷ್ಟೇ.

"ಕುಡಿದ್ರೆ ತಾನೇ ಹೋಗೋದು? ಒದ್ದೆ ಚಡ್ಡಿ ಎಲ್ಲಾ ನೀನು ಒಗೀತೀಯಾ?" ಎಂದು ಇವಳನ್ನೇ ಕೇಳಿದ್ದರು.

ಅಮ್ಮಂದಿರು ಬರುವ ಮುಂಚೆ ಬಾಟಲಿಗಳ ನೀರನ್ನೆಲ್ಲ ಸಿಂಕಿಗೆ ಸುರಿದು, ಬಾಗಿಲ ಬಳಿ ಸಾಲಾಗಿ ಜೋಡಿಸಬೇಕು. ಆ ಕೆಲಸ ಇವಳದು. ಥೂ, ಎಂಥ ಹೊಲಸು ಬುದ್ಧಿ! ಆದರೂ ಸುರಿದಳು. ದಿನಾ ಸುರಿದಳು. ಸಹಿ ಬೇಕಿತ್ತಲ್ಲ.

ಗುಬ್ಬಿಯ ಅಮ್ಮ ಹೊಲಿಗೆ ಕಾರ್ಖಾನೆಯಿಂದ ಓಡೋಡಿ ಬರುತ್ತಿದ್ದಳು. ಬಾಟಲಿ ಅಲ್ಲಾಡಿಸಿ ನೋಡಿದರೆ ಮುಖ ಅರಳುತ್ತಿತ್ತು.

"ಪೂರ್ತಿ ಕುಡಿದಿದಾಳೆ! ಮನೆಗೆ ಬಂದೂ ಎರಡು ಲೋಟ ಗಟಗಟ ಅಂತ ಕುಡೀತಾಳೆ. ನೀವು ಬಂದ್ಮೇಲೆ ಎಷ್ಟು ಚೆನ್ನಾಗಿ ನೋಡ್ಕೋತೀರ ಮಿಸ್. ನಿಮ್ಮ ಹೊಟ್ಟೆ ತಣ್ಣಗಿರ್ಲಿ."

ಆ ಹಾರೈಕೆ ಚಪ್ಪಲಿ ಏಟಿನ ಹಾಗೆ ಬೀಳುತ್ತಿತ್ತು. ಸೋಪು ಹಚ್ಚಿದರೆ ಆ ಹೇಸಿಗೆ ಹೋಗುತ್ತದೆಯೇ?

ಕೊನೆಯ ದಿನ ವಿಪರೀತ ಸೆಕೆ. ಬಣ್ಣ ಬಳಿಯುವ ಪಾಠ. ಕುಂಚ ಅದ್ದಿ ಅದ್ದಿ ಲೋಟದ ನೀರು ಕೆಸರಿನ ಬಣ್ಣಕ್ಕೆ ತಿರುಗಿತ್ತು. ಚಿತ್ರಗಳನ್ನು ಒಣಹಾಕಿ ಇವಳು ತಿರುಗುವಷ್ಟರಲ್ಲಿ ಗುಬ್ಬಿ ಎರಡೂ ಕೈಯಲ್ಲಿ ಆ ಲೋಟ ಎತ್ತಿ ಕುಡಿಯುತ್ತಿದ್ದಳು. ಆಟಕ್ಕಲ್ಲ. ಕಣ್ಣು ಮುಚ್ಚಿಕೊಂಡು, ತಳದವರೆಗೆ. ಮರುಕ್ಷಣವೇ ಎಲ್ಲವನ್ನೂ ಇವಳ ಮೈಮೇಲೆ ಕಕ್ಕಿದಳು.

ಮೂಗುಮುರುಕಿಗೆ ಮೂಗು ಮುರಿಯುವುದೇ ಮರೆತುಹೋಯಿತು. ಬಾಯಿ ತೊಳೆಸಿ, ತನ್ನ ಬಾಟಲಿಯನ್ನೇ ಮಗುವಿನ ತುಟಿಗೆ ಹಿಡಿದಳು. ಗುಬ್ಬಿ ದೊಡ್ಡ ಟೀಚರ್ ಕಡೆಗೊಮ್ಮೆ ನೋಡಿ ಪಿಸುಗುಟ್ಟಿದಳು: "ಕುಡೀಬಹುದಾ?"

"ಏನಾಗಲ್ಲ, ಮಕ್ಕಳ ಬಣ್ಣ ತಾನೇ ಅದು," ಎಂದರು ದೊಡ್ಡ ಟೀಚರ್, ಪೆನ್ನಿನ ಕ್ಯಾಪು ತೆಗೆಯುತ್ತ. "ಅವಳ ಅಂಗಿ ಬದಲಾಯಿಸಿ, ಬಾಟಲಿ ಖಾಲಿ ಮಾಡಿ ಬಾ. ಸಹಿ ಹಾಕ್ತೀನಿ."

ಇವಳು ಬಾಟಲಿಗಳನ್ನು ಹಲಗೆಯಿಂದ ಇಳಿಸಿದಳು. ಸಿಂಕಿನ ಕಡೆ ತಿರುಗಿಯೂ ನೋಡದೆ, ನೀರು ತುಂಬಿದ ಇಪ್ಪತ್ತೆರಡನ್ನೂ ಬಾಗಿಲ ಬಳಿ ಜೋಡಿಸಿದಳು. ಆಗಲೇ ಅಮ್ಮಂದಿರು ಬಂದಿದ್ದರು.

ಗುಬ್ಬಿಯ ಅಮ್ಮ ಬಾಟಲಿ ಎತ್ತಿದಳು. ಭಾರ. "ಯಾಕೆ ಮಿಸ್, ಇವತ್ತು ಕುಡಿದೇ ಇಲ್ಲ?"

"ಇವತ್ತು ಮಾತ್ರ ಅಲ್ಲ ಅಕ್ಕಾ. ಯಾವತ್ತೂ ಒಂದು ಗುಟುಕಿಗಿಂತ ಜಾಸ್ತಿ ಕುಡಿದಿಲ್ಲ. ಇಲ್ಲಿ ಕೊಡ್ತಾ ಇರ್ಲಿಲ್ಲ. ದಿನಾ ನಾನೇ ಸಿಂಕಿಗೆ ಸುರೀತಿದ್ದೆ."

ಒಳಗೆ ಪೆನ್ನಿಗೆ ಟಪ್ಪೆಂದು ಕ್ಯಾಪು ಮುಚ್ಚಿದ ಸದ್ದಾಯಿತು. ಸಹಿ ಹೋಯಿತು, ವರ್ಷವೂ ಹೋಯಿತು. ಈ ತಾಯಿಯಾದರೂ ಬಯ್ದರೆ ಸಾಕು ಎಂದು ಇವಳು ತಲೆ ತಗ್ಗಿಸಿ ನಿಂತಳು.

ಅವಳು ಬಯ್ಯಲಿಲ್ಲ. ಗುಬ್ಬಿ ಹಿಡಿದುಕೊಂಡಿದ್ದ ಇವಳ ಕಿರುಬೆರಳನ್ನು ಬಿಡಿಸಿ, ಹೊಲಸು ಮುಟ್ಟಿತ್ತೇನೋ ಎಂಬಂತೆ ಮಗಳ ಅಂಗೈಯನ್ನು ತನ್ನ ಬಟ್ಟೆಗೆ ಎರಡು ಸಲ ಒರೆಸಿ ಕರೆದುಕೊಂಡು ಹೋದಳು.