ಲಾಭ, ಎರಡು, ಮೂರು

ನಾನು ಒಂದು ಸೇರು. ಪಾವಲ್ಲ, ಅಚ್ಚೇರಲ್ಲ, ತುಂಬು ಸೇರು. ಮದ್ದೂರು ಕಡೆಯ ಒಂದು ಹಳ್ಳಿಯಲ್ಲಿ ಬೋರಾಚಾರಿ ಎಂಬ ಕಮ್ಮಾರ ಕಬ್ಬಿಣದ ತಗಡು ಕಾಯಿಸಿ, ಬಗ್ಗಿಸಿ, ಬಡಿದೂ ಬಡಿದೂ ನನ್ನನ್ನು ಮಾಡಿದ. ಅಪ್ಪಾ, ಆ ಪೆಟ್ಟು! ಕೊನೆಗೆ ನೀರು ಹುಯ್ದು ಅಳೆದು ನೋಡಿ, "ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ ಕಣಪ್ಪ" ಅಂದ. ಆ ಒಂದು ಮಾತಿನ ಜಂಬದಲ್ಲೇ ನಾನು ಇಷ್ಟು ವರ್ಷ ಬದುಕಿದ್ದು.

ನನ್ನನ್ನು ಕೊಂಡವರು ಚಿಕ್ಕತಾಯಮ್ಮನ ಮಾವ. ಕಣದಲ್ಲಿ ಭತ್ತ ಅಳೆಯುವಾಗ ಅವರು ಮೊದಲ ಸೇರಿಗೆ "ಒಂದು" ಅನ್ನುತ್ತಿರಲಿಲ್ಲ. ಒಂದು ಅಂದರೆ ಒಂಟಿ, ರಾಶಿ ಅಲ್ಲಿಗೇ ನಿಂತುಬಿಟ್ಟೀತು ಅನ್ನುವ ಭಯ. ಅದಕ್ಕೆ "ಲಾಭ" ಅನ್ನುತ್ತಿದ್ದರು. ಲಾಭ, ಎರಡು, ಮೂರು... ಆಮೇಲೆ ಕಿಲೋ ಬಂತು. ನನ್ನ ಓರಗೆಯವರೆಲ್ಲ ಗುಜರಿ ಸೇರಿದರು. ನಾನು ಮಾತ್ರ ಸೊಸೆ ಚಿಕ್ಕತಾಯಮ್ಮನ ಕೈಗೆ ಬಂದು ಉಳಿದುಕೊಂಡೆ. ಅವಳೂ "ಲಾಭ" ಅಂತಲೇ ಶುರು ಮಾಡುತ್ತಿದ್ದಳು, ಅದೂ ನಗುಮುಖದಿಂದ.

ಅವಳು ಊರ ಪಕ್ಕದ ಸಂಶೋಧನಾ ಫಾರಂನಲ್ಲಿ ಕೂಲಿ. ಅಲ್ಲಿ ರೆಹಾನಾ ಮೇಡಂ ಎಂಬ ವಿಜ್ಞಾನಿ ಪ್ಲಾಸ್ಟಿಕ್ ಗೋಡೆಯ, ಸೂರಿಲ್ಲದ ಗೂಡುಗಳನ್ನು ಕಟ್ಟಿಸಿದ್ದರು. ಒಳಗೆ ಬೆಳೆ. ಪೈಪಿನಲ್ಲಿ ಇಂಗಾಲದ ಡೈಆಕ್ಸೈಡ್ ಬಿಡುತ್ತಿದ್ದರು. ಸೋಡಾ ಬಾಟ್ಲಿ ತೆಗೆದರೆ ಬುಸ್ ಅನ್ನುತ್ತದಲ್ಲ, ಅದೇ ಗ್ಯಾಸು. ವಾಹನ, ಕಾರ್ಖಾನೆಗಳ ಹೊಗೆಯಿಂದ ಲೋಕದ ಗಾಳಿಯಲ್ಲಿ ಅದು ಏರುತ್ತಲೇ ಇದೆಯಂತೆ. ಇನ್ನೈವತ್ತು ವರ್ಷಕ್ಕೆ ಎಷ್ಟಾದೀತೋ ಅಷ್ಟನ್ನು ಈಗಲೇ ಬಿಟ್ಟು, ಪೈರು ಏನಾಗುತ್ತದೆ ಅಂತ ನೋಡುವ ಕೆಲಸ. ಕೂಲಿಯವರು ಅದಕ್ಕೆ "ಗ್ಯಾಸ್ ಕೊಟ್ಟಿಗೆ" ಅಂತ ಹೆಸರಿಟ್ಟಿದ್ದರು.

ಒಂದು ಕೊಟ್ಟಿಗೆಯಲ್ಲಿ ಭತ್ತ, ಇನ್ನೊಂದರಲ್ಲಿ ರಾಗಿ. ಗ್ಯಾಸು ಕುಡಿದ ಭತ್ತ ಎದೆಯೆತ್ತರ ಬಂತು. ತೆನೆ ಅಂದರೆ ತೆನೆ! ರಾಗಿ ಮಾತ್ರ ಹೊರಗಿನ ರಾಗಿಯಷ್ಟೇ ಬೆಳೆದು ಸುಮ್ಮನೆ ನಿಂತಿತು.

"ಥೂ, ಮೈಗಳ್ಳ ರಾಗಿ. ಬಿಟ್ಟಿ ಗ್ಯಾಸೂ ಕುಡಿಯಾಕ್ ಬರಾಕಿಲ್ಲ" ಅಂತ ಚಿಕ್ಕತಾಯಮ್ಮ ಬೈದಳು. ನಾನೂ ಒಳಗೊಳಗೇ ನಕ್ಕೆ. ಆಗ ನನಗೇನು ಗೊತ್ತಿತ್ತು?

ಕೊಯ್ಲಾಯಿತು. ಮೇಡಂ ತಮ್ಮ ಪರೀಕ್ಷೆಗೆ ಬೇಕಾದಷ್ಟನ್ನು ತೂಗಿ, ಪೊಟ್ಟಣ ಕಟ್ಟಿ, ಉಳಿದದ್ದನ್ನು ಕೂಲಿಯವರು ಹಂಚಿಕೊಳ್ಳಲಿ ಅಂದರು. ಹಿರಿಯಳಾದ ಚಿಕ್ಕತಾಯಮ್ಮನಿಗೆ ಮೊದಲ ಪಾಲು. ಹೊರಗಿನ ಭತ್ತವೂ ಇತ್ತು, ರಾಗಿಯೂ ಇತ್ತು. ಅವಳು ನೆಟ್ಟಗೆ ಗ್ಯಾಸ್ ಕೊಟ್ಟಿಗೆಯ ಭತ್ತದ ರಾಶಿಗೆ ಹೋದಳು. ಹುಲುಸಾದ ರಾಶಿಯ ಕಾಳು ಉಂಡರೆ ಮೈಯೂ ಹುಲುಸಾಗುತ್ತದೆ ಅಂತ ಅವಳ ಮಾವ ಹೇಳುತ್ತಿದ್ದರು. ಮನೆಯಲ್ಲಿ ಮಗಳು ಸುಧಾಮಣಿ ಚೊಚ್ಚಲ ಬಸುರಿ. ಐದು ತಿಂಗಳು. ಆಸ್ಪತ್ರೆಯಲ್ಲಿ "ರಕ್ತ ಕಮ್ಮಿ ಇದೆ" ಅಂದಿದ್ದರು. ತಾಯಿಗೆ ಅದೊಂದೇ ಯೋಚನೆ. ನನ್ನನ್ನು ರಾಶಿಗೆ ಅದ್ದಿ, ಅಂಗೈಯಿಂದ ಬಾಯಿ ಸವರಿ, "ಲಾಭ!" ಅಂದಳು. ನಾನು ಗಂಟಲವರೆಗೆ ತುಂಬಿದ್ದೆ.

ಅಂದಿನಿಂದ ಮನೆಯಲ್ಲಿ ಸುಧಾಮಣಿಗೆ ಮುದ್ದೆ ಬಂದ್.

"ನಂಗೆ ಮುದ್ದೆನೇ ಸಾಕು ಕಣವ್ವ" ಅಂದಳು ಅವಳು.

"ಬಸ್ರಿ ಹೆಂಗ್ಸು, ಮುದ್ದೆ ಯಾಕ್ ನುಂಗೀಯೆ? ಹುಲುಸಿನ ಅನ್ನ ಉಣ್ಣು ಮಗ."

ಎರಡು ಹೊತ್ತೂ ಬಿಳಿ ಅನ್ನ, ತಿಳಿ ಸಾರು. ಆಸ್ಪತ್ರೆಯವರು ಕೊಟ್ಟ ಮಾತ್ರೆ ವಾಕರಿಕೆ ತರುತ್ತದೆ ಅಂತ ಹುಡುಗಿ ಬಿಟ್ಟಳು. ತಟ್ಟೆ ತುಂಬ ಉಣ್ಣುತ್ತಾಳಲ್ಲ ಅಂತ ಅವ್ವನೂ ಸುಮ್ಮನಾದಳು. ಸುಧಾಮಣಿಯ ಕೆನ್ನೆ ದಿನದಿನಕ್ಕೆ ಬೆಳ್ಳಗಾಯಿತು. "ಬಸುರಿನ ಕಳೆ" ಅಂದರು ನೆರೆಯವರು. ಹಜಾರದಿಂದ ಅಡುಗೆಮನೆಗೆ ಬರುವಷ್ಟರಲ್ಲಿ ಅವಳು ಗೋಡೆ ಹಿಡಿದು ನಿಲ್ಲುತ್ತಿದ್ದಳು. ನಾನು ಅಕ್ಕಿ ಡಬ್ಬದೊಳಗಿಂದ ದಿನಾ ನೋಡುತ್ತಿದ್ದೆ.

ತಿಂಗಳು ತುಂಬುವ ಮುಂಚೆಯೇ ನೋವು ಬಂತು. ಸುಧಾಮಣಿಗೆ ಮೂರು ಬಾಟ್ಲಿ ರಕ್ತ ಕೊಟ್ಟು ಉಳಿಸಿದರು. ಕೂಸು ಹೆಣ್ಣು, ಅಂಗೈಯಗಲ. ಒಂಬತ್ತು ದಿನ ಇತ್ತು. ತೊಟ್ಟಿಲಿಗೆ ಹಾಕುವ ಶಾಸ್ತ್ರವೂ ಆಗಲಿಲ್ಲ, ಹೆಸರೂ ಆಗಲಿಲ್ಲ.

ತಿಂಗಳಾದ ಮೇಲೆ ರೆಹಾನಾ ಮೇಡಂ ಮನೆಗೇ ಬಂದರು. ಜಗಲಿಯ ಮೇಲೆ ಕೂತರು. ಕೊಟ್ಟ ಕಾಫಿ ಮುಟ್ಟಲಿಲ್ಲ.

"ತಾಯಮ್ಮ, ಪರೀಕ್ಷೆಯ ಫಲಿತಾಂಶ ಬಂತು. ಆ ಭತ್ತದಲ್ಲಿ ಇಳುವರಿ ಜಾಸ್ತಿ, ಸತ್ವ ಕಮ್ಮಿ. ಕಬ್ಬಿಣ, ಸತು, ಪ್ರೋಟೀನು, ಎಲ್ಲಾ ಹತ್ತರಲ್ಲಿ ಒಂದು ಪಾಲು ಇಳಿದಿದೆ. ನೆಂಟರು ಬಂದರು ಅಂತ ಸಾರಿಗೆ ನೀರು ಬೆರೆಸ್ತೀವಲ್ಲ, ಹಾಗೆ. ಹೊಟ್ಟೆ ತುಂಬುತ್ತೆ, ರಕ್ತ ತುಂಬಲ್ಲ."

"ರಾಗಿ?" ಅಂದಳು ಚಿಕ್ಕತಾಯಮ್ಮ.

ಮೇಡಂ ತಲೆ ತಗ್ಗಿಸಿದರು. "ರಾಗಿ ಹೆಚ್ಚೂ ಬೆಳೀಲಿಲ್ಲ, ಏನೂ ಕಳಕೊಳ್ಳಲೂ ಇಲ್ಲ. ಇದ್ದ ಹಾಗೇ ಇದೆ."

ಚಿಕ್ಕತಾಯಮ್ಮ ಕಂಬಕ್ಕೆ ತಲೆ ಒರಗಿಸಿ, "ನಾನೇ ತಪ್ಪಿಸ್ದೆ ಕಣ್ರವ್ವ. ಬಾಯಿಗ್ ಬಂದಿದ್ ಮುದ್ದೆನ ನಾನೇ ತಪ್ಪಿಸ್ದೆ" ಅಂತ ಅತ್ತಳು.

"ಬರೀ ಅಕ್ಕಿಯಿಂದ ಆಗಿದ್ದಲ್ಲ ತಾಯಮ್ಮ, ಅವಳಿಗೆ ಮೊದಲೇ ರಕ್ತ ಕಮ್ಮಿ ಇತ್ತು, ಮಾತ್ರೆಯೂ ಬಿಟ್ಟಿದ್ದಳು" ಅಂತ ಮೇಡಂ ಎಷ್ಟೋ ಹೇಳಿದರು. "ಗೊತ್ತಾಗೋ ಮುಂಚೆ ಹಂಚಬಾರದಿತ್ತು. ಅದು ನನ್ನ ತಪ್ಪು" ಅಂತಲೂ ಅಂದರು. ಯಾವುದೂ ಅವಳ ಕಿವಿಗೆ ಬಿದ್ದ ಹಾಗಿರಲಿಲ್ಲ. ನಿಜ ಹೇಳಲಾ? ಅವಳಿಗಿಂತ ನನಗೇ ಹೆಚ್ಚು ನಾಚಿಕೆಯಾಯಿತು. ಅವಳು ನಂಬಿದ್ದು ನನ್ನ ತುಂಬಿದ ಬಾಯನ್ನು.

ಈಗ ನಾನು ಫಾರಂನ ಬೀಜದ ಕೋಣೆಯ ಕಿಟಕಿಯಲ್ಲಿದ್ದೇನೆ. ಮೈಗೆ ತುಕ್ಕು ಹತ್ತಿದೆ. ಕಬ್ಬಿಣ, ಕಬ್ಬಿಣ ಅಂತ ಮೇಡಂ ಕಡೆಯವರು ಲೆಕ್ಕ ಹಾಕುತ್ತಿರುತ್ತಾರೆ. ನನ್ನ ಮೈಯೆಲ್ಲ ಅದೇ, ಒಂದು ಚೂರೂ ಆ ಹುಡುಗಿಗೆ ಕೊಡಲಾಗಲಿಲ್ಲ. ಕಿಟಕಿಯಾಚೆ ಗ್ಯಾಸ್ ಕೊಟ್ಟಿಗೆಗಳು ಕಾಣುತ್ತವೆ. ಒಂದು ದಿನ ಹೊರಗಿನ ಗಾಳಿಯೇ ಹಾಗಾಗುತ್ತದೆ, ಆಗ ಪೈಪೂ ಬೇಡ, ಗೋಡೆಯೂ ಬೇಡ ಅನ್ನುತ್ತಾರೆ ಮೇಡಂ. ಆಗ ಎಲ್ಲರ ಕಣದಲ್ಲೂ ರಾಶಿ ಎತ್ತರವಾಗಿಯೇ ಇರುತ್ತದೇನೋ. ಬೋರಾಚಾರಿ ಹೇಳಿದ್ದು ಸುಳ್ಳಲ್ಲ, ನನ್ನ ಅಳತೆಯಲ್ಲಿ ಕೂದಲೆಳೆಯಷ್ಟೂ ತಪ್ಪಿಲ್ಲ. ಅದೇ ನನ್ನ ಸಂಕಟ.

ಇಲ್ಲಿಗೆ ನಾನು ಬಂದದ್ದು ಅದರ ಮುಂದಿನ ಕೊಯ್ಲಿನ ದಿನ. ಮತ್ತೆ ಅದೇ ಎದೆಯೆತ್ತರದ ಭತ್ತ, ಅದೇ ರಾಶಿ. ಈ ಸಲ ಹಂಚಿಕೆಯಿಲ್ಲ, ಬೀಜದ ಕೋಣೆಗೆ ಹೋಗುವ ಚೀಲ ತುಂಬಲು ಚಿಕ್ಕತಾಯಮ್ಮ ನನ್ನನ್ನು ಅದ್ದಿ ಎತ್ತಿದಳು. ಅಂಗೈಯಿಂದ ಬಾಯಿ ಸವರಿದಳು. ಉಳಿದ ಹೆಂಗಸರು ಚೀಲದ ಬಾಯಿ ಹಿಡಿದು, ಅವಳ ಮಾತಿಗೆ ಕಾದರು. ಅವಳ ತುಟಿ ಅಲುಗಿತು. ಮಾವನ ಕಾಲದಿಂದ ನನ್ನ ಮೇಲೆ ಯಾರೂ ಆಡದ ಮಾತನ್ನು ಅವಳು ಅಂದು ಆಡಿದಳು.

"ಒಂದು" ಅಂದಳು. ನನ್ನನ್ನು ಕೆಳಗಿಟ್ಟು ಎದ್ದುಹೋದಳು.