ಗುಡ್ಡದ ಮೇಲೆ ಕೇಳಬೇಕಿದ್ದ ಮಾತು

ಮುರುಕು ಬಾಗಿಲಿನ ಮುಂದೆ ನಿಂತು ಚಪ್ಪಲಿ ಕಳಚಿದರು ಗುಲಾಬಿ.

"ಅಜ್ಜೀ, ಇಟ್ಸ್ ನಾಟ್ ಎ ಟೆಂಪಲ್!" ಮೊಮ್ಮಗಳು ಅಕ್ಷಿತಾ ನಕ್ಕಳು.

"ಟೆಂಪಲ್ ಅಲ್ಲದಿದ್ರೆ ಎಂತ? ಯಾರೋ ಬಾಳಿದ ಮನೆ ಅಲ್ವಾ? ಚಪ್ಪಲಿ ಹಾಕಿ ಒಳಗೆ ಹೋಗ್ತಾರಾ?"

ಸೊಸೆ ಜಲಜಾಕ್ಷಿ ತಾನೂ ಚಪ್ಪಲಿ ಕಳಚಿದಳು. ಇವತ್ತು ಅತ್ತೆ ಖುಷಿಯಾಗಿರಬೇಕಿತ್ತು. ರಜೆಯ ದಿನವೂ ಬೇಗ ಎದ್ದು, ಗಲ್ಫಿನಲ್ಲಿ ತಾವಿದ್ದ ಕರಾಮದಿಂದ ದೂರದ ರಾಸ್ ಅಲ್ ಖೈಮಾಕ್ಕೆ ಬಂದು, ಶೀಬಾ ರಾಣಿಯ ಅರಮನೆಯೆಂದು ಜನ ಕರೆಯುವ ಈ ಹಾಳುಕೋಟೆ ಹತ್ತಿದ್ದೇ ಅದಕ್ಕೆ. ಮಗು ಹುಟ್ಟಿದ ಮೇಲೆ ಮನೆಯಲ್ಲೇ ಉಳಿದಿದ್ದ ಜಲಜಾಕ್ಷಿಗೆ ಈಗ ಒಂದು ಕ್ಲಿನಿಕ್ಕಿನಲ್ಲಿ ಕೆಲಸ ಸಿಕ್ಕಿತ್ತು. ಆದರೆ ಮಧ್ಯಾಹ್ನ ಶಾಲೆಯ ಬಸ್ಸು ಬಂದಾಗ ಫ್ಲಾಟಿನ ಕೆಳಗೆ ಮನೆಯವರೊಬ್ಬರು ನಿಂತಿರದಿದ್ದರೆ ಬಸ್ಸಿನ ಆಯಾ ಮಗುವನ್ನು ಇಳಿಸುವುದಿಲ್ಲ. ಅತ್ತೆಯ ವಿಸಿಟ್ ವೀಸಾ ಈ ತಿಂಗಳಿಗೆ ಮುಗಿಯುತ್ತಿತ್ತು.

"ನೀನೇ ಕೇಳು. ನಾನು ಕೇಳಿದ್ರೆ ಅಮ್ಮನಿಗೆ ಬೇಡ ಅನ್ಲಿಕ್ಕೆ ಸುಲಭ," ಎಂದು ಗಂಡ ತಿಲಕ್ ಕಾರು ನಿಲ್ಲಿಸುವಾಗ ಪಿಸುಗುಟ್ಟಿದ್ದ.

ಕೋಟೆಯ ಹಳೆಯ ನೀರಿನ ತೊಟ್ಟಿಯೊಳಗೆ ಗುಲಾಬಿ ಇಣುಕಿ, ಅದರ ಕಟ್ಟೆಯ ಮೇಲೆ ಕೂತರು. "ಇಷ್ಟು ಎತ್ತರಕ್ಕೆ ಅಕ್ಕಿ, ಕಟ್ಟಿಗೆ ಹೊತ್ತವರ ಸೊಂಟ ಕೇಳ್ಬೇಕು. ರಾಣಿಗೆಂತ, ಕೂತಲ್ಲಿಗೆ ಬರ್ತದೆ."

ಜಲಜಾಕ್ಷಿ ಪಕ್ಕದಲ್ಲಿ ಕುಳಿತಳು. "ಮಾಮಿ, ಇನ್ನೆರಡು ತಿಂಗಳು ಇರ್ತೀರಾ? ವೀಸಾ ಎಕ್ಸ್‌ಟೆಂಡ್ ಮಾಡುವಾ. ಅಕ್ಷಿತಾಳನ್ನು ಬಸ್ಸಿಂದ ಇಳಿಸ್ಲಿಕ್ಕೆ ಜನ ಇಲ್ಲ."

"ಇಲ್ಲ ಮಗಾ." ಉತ್ತರ ಮೊದಲೇ ಸಿದ್ಧವಾಗಿದ್ದಂತಿತ್ತು. "ಊರಲ್ಲಿ ನನ್ನ ಮಲ್ಲಿಗೆ ಗಿಡ ಪಕ್ಕದವಳ ಕೈಯಲ್ಲಿ ಉಂಟು. ಅವಳು ಮೊಗ್ಗು ಕೊಯ್ತಾಳೆ, ಬುಡಕ್ಕೆ ಒಂದು ಹಿಡಿ ಗೊಬ್ಬರ ಹಾಕುದಿಲ್ಲ. ನಿನಗೆ ಕೆಲಸ ಬೇಕು, ಸರಿ. ನಾನು ಹೂ ಮಾರುದು ಕೆಲಸ ಅಲ್ವಾ?"

"ಹಾಗಾದ್ರೆ ಕ್ಲಿನಿಕ್ಕಿಗೆ ಬರುದಿಲ್ಲ ಅಂತ ಹೇಳ್ತೇನೆ."

"ಅವನತ್ರ ಕೇಳಿದ್ಯಾ?"

"ಯಾರತ್ರ?"

"ಯಾರತ್ರ ಅಂತೆ! ಅಲ್ಲಿ ಗೋಡೆ ಹತ್ತಿ ಫೋಟೋ ತೆಗಿತಾ ಇದ್ದಾನಲ್ಲ, ರಾಜನ ಹಾಗೆ."

ಕೇಳಿರಲಿಲ್ಲ. ಕೇಳಬಹುದೆಂದು ತೋಚಿಯೇ ಇರಲಿಲ್ಲ. ಜಲಜಾಕ್ಷಿ ಎದ್ದು ನಿಂತು ಗಂಡನನ್ನು ಕರೆದಳು.

"ನಿಮ್ಮ ಹೋಟೆಲಲ್ಲಿ ಬೆಳಗಿನ ಶಿಫ್ಟ್ ತಗೊಳ್ಳಿ. ಮಧ್ಯಾಹ್ನ ಬಸ್ಸಿಗೆ ನೀವೇ ನಿಲ್ಬೇಕು."

"ನಾನಾ?" ತಿಲಕ್ ಫೋನ್ ಇಳಿಸಿದ. "ಬೆಳಗಿನ ಶಿಫ್ಟ್ ಅಂದ್ರೆ ಕೋಳಿ ಕೂಗುವ ಮೊದಲು ಏಳ್ಬೇಕು, ಮಾರಾಯ್ತಿ! ಅಮ್ಮಾ, ನೀವಾದ್ರೂ ಹೇಳಿ."

"ಎಂತ ಹೇಳುದು? ಅಲಾರಂ ಇಡು."

ತಿಲಕ್ ನಗಲು ನೋಡಿದ. ಅವರಿಬ್ಬರೂ ನಗಲಿಲ್ಲ. ಬಿಸಿಲು ಗೋಡೆ ದಾಟಿ ಬಂದಿತ್ತು.

"ಪಪ್ಪಾ, ಐ ಆಮ್ ಟಯರ್ಡ್. ಕ್ಯಾರಿ ಮೀ," ಎಂದಳು ಅಕ್ಷಿತಾ.

ಅವನು ಫೋನನ್ನು ಕಿಸೆಗೆ ತುರುಕಿ, ಮಗುವನ್ನು ಬೆನ್ನಿಗೆ ಹತ್ತಿಸಿಕೊಂಡು ಇಳಿಯತೊಡಗಿದ. ಅರ್ಧ ದಾರಿಯಲ್ಲಿ ಏದುಸಿರು ಬಂದು ನಿಂತ. ಅವಳನ್ನು ಮೇಲಕ್ಕೆ ಸರಿಸಿಕೊಂಡು ತಿರುಗಿ ನೋಡಿದ. ಹೆಂಗಸರಿಬ್ಬರೂ ಮತ್ತೆ ತೊಟ್ಟಿಯ ಕಟ್ಟೆಯ ಮೇಲೆ, ಕಾಲು ಇಳಿಬಿಟ್ಟು ಕೂತಿದ್ದರು.