ಊರೂರಿಗೂ ಸಂಪರ್ಕ

ಉಚ್ಚೆ ಹೊಯ್ದರೆ ಮೆಣಸಿನಪುಡಿ ಎರಚಿದಂತೆ ಉರಿಯುತ್ತಿದ್ದರೂ ಮಾಲತೇಶ್ ಒಂದು ವಾರ ಅದನ್ನು ಉಷ್ಣವೆಂದೇ ನಂಬಿದ್ದ. ಬಿತ್ತನೆ ಬೀಜದ ಏಜೆಂಟ್. ದಿನವಿಡೀ ಬೈಕ್ ಮೇಲೆ ಕೂತರೆ ಇನ್ನೇನಾಗುತ್ತದೆ? ತಾಯಿ ಮೂಕಮ್ಮ ಹೊಕ್ಕುಳಿಗೆ ಹರಳೆಣ್ಣೆ ಹಚ್ಚಿಸಿದಳು, ಮೆಂತ್ಯದ ನೀರು ಕುಡಿಸಿದಳು. ಉರಿ ಹೋಗಲಿಲ್ಲ, ಒಳಚಡ್ಡಿಯಲ್ಲಿ ಕೀವಿನ ಕಲೆ ಬಂತು. ಒಗೆಯುವವಳು ಹೆಂಡತಿ ನಾಗವೇಣಿ. ಅವಳೇ ಅವನನ್ನು ಹೊಸಬಾಳೆಯಿಂದ ಶಿರಾಳಕೊಪ್ಪದ ಆಸ್ಪತ್ರೆಗೆ ಎಳೆತಂದಳು.

ಮೂತ್ರ ಪರೀಕ್ಷೆಯ ರಿಪೋರ್ಟ್ ನೋಡಿ ಡಾಕ್ಟರ್ ಶರಣ್ಯ ನಾಗವೇಣಿಗೆ, "ಅಮ್ಮಾ, ನೀವು ಐದು ನಿಮಿಷ ಹೊರಗಿರ್ತೀರಾ?" ಎಂದರು.

"ಇರ್ಲಿ ಬಿಡ್ರಿ ಮೇಡಂ," ಎಂದ ಮಾಲತೇಶ್. "ನಮ್ಮಿಬ್ರಲ್ಲಿ ಮುಚ್ಚುಮರೆ ಇಲ್ಲ."

"ಸರಿ. ಹೊರಗಡೆ ಸಂಪರ್ಕ ಏನಾದ್ರೂ ಇದೆಯಾ?"

ಮಾಲತೇಶ್ ಎದೆ ಉಬ್ಬಿಸಿದ. "ಏನ್ ಹಿಂಗ್ ಕೇಳ್ತೀರಿ ಮೇಡಂ! ಆನವಟ್ಟಿಯಿಂದ ಶಿಕಾರಿಪುರದ ತನಕ ಊರೂರಲ್ಲೂ ಸಂಪರ್ಕ ಐತೆ. ದಿನಕ್ಕೆ ಇಪ್ಪತ್ತು ಮನೆ. ಸೀಸನ್ನಲ್ಲಿ ಮೂವತ್ತು."

ಡಾಕ್ಟರ ಪೆನ್ನು ನಿಂತಿತು.

"ಹೌದ್ರಿ, ಊಟಕ್ಕೂ ಮನೆಗೆ ಬರಲ್ಲ," ಎಂದಳು ನಾಗವೇಣಿ.

"ವ್ಯಾಪಾರದ ಸಂಪರ್ಕ ಅಲ್ಲ ರೀ. ಮಲಗೋ ಸಂಪರ್ಕ."

ಉಬ್ಬಿದ ಎದೆ ಇಳಿಯಿತು. "ಇದು ಉಷ್ಣ ಮೇಡಂ. ಬೈಕ್ ಸೀಟಿಂದು."

"ಉಷ್ಣ ಅಲ್ಲ. ಸೋಂಕು ತಗುಲಿ ಮೂತ್ರನಾಳ ಊದ್ಕೊಂಡಿದೆ. ಈ ಸೋಂಕು ಸೀಟಿಂದ ಬರಲ್ಲ, ಮನುಷ್ಯರಿಂದ ಬರುತ್ತೆ."

"ಬಸ್ ಸ್ಟ್ಯಾಂಡ್ ಕಕ್ಕಸ್ಸಿಂದ?"

"ಅಲ್ಲಿಂದ್ಲೂ ಬರಲ್ಲ. ನಿರೋಧ್ ಇಲ್ದೆ ಬೇರೆ ಬೇರೆಯವರ ಜೊತೆ ಮಲಗಿದಷ್ಟೂ ಅಪಾಯ ಜಾಸ್ತಿ."

"ಬೇರೆ ಬೇರೆಯವರು ಎಲ್ಲಿ ಮೇಡಂ! ದಾವಣಗೆರೆ ಟ್ರೈನಿಂಗಲ್ಲಿ ಒಬ್ಬಳೇ, ಅದೂ ಒಂದೇ ಸಲ!"

ಅಂದಮೇಲೆ ಬಾಯಿ ಮುಚ್ಚಿಕೊಂಡ.

ನಾಗವೇಣಿ ಅವನತ್ತ ನೋಡಲಿಲ್ಲ. "ಒಂದು ಸಲಕ್ಕೇ ಬರುತ್ತಾ ಮೇಡಂ?"

"ಬರುತ್ತೆ. ನಿಮಗೂ ಅಂಟಿರಬಹುದು. ಹೆಂಗಸರಿಗೆ ಎಷ್ಟೋ ಸಲ ಉರಿ ಇರೋದೇ ಇಲ್ಲ. ಇಬ್ಬರೂ ಮಾತ್ರೆ ತಗೊಳ್ಳಿ, ಏಳು ದಿನ ಬೇರೆ ಮಲಗಿ. ಆ ದಾವಣಗೆರೆಯವಳಿಗೂ ತಿಳಿಸಿ."

"ಅವಳ ನಂಬರ್ ಇಲ್ಲ ಮೇಡಂ."

"ಯಾಕ್ರೀ," ಎಂದಳು ನಾಗವೇಣಿ, "ಊರೂರಲ್ಲೂ ಸಂಪರ್ಕ ಐತೆ ಅಂದ್ರಲ್ಲ?"

ಹೊರಗೆ ಬಂದು ಮಾಲತೇಶ್ ಬೈಕ್ ಸ್ಟಾರ್ಟ್ ಮಾಡಿದ. "ಹತ್ತು ನಾಗು. ಏಳೇ ದಿನ ಅಂದ್ರಲ್ಲ."

"ಅದು ಡಾಕ್ಟ್ರು ಹೇಳಿದ್ದು. ನಾನಿನ್ನೂ ಹೇಳಿಲ್ಲ."

ತನ್ನ ಪಾಲಿನ ಮಾತ್ರೆ ಸೆರಗಿಗೆ ಕಟ್ಟಿಕೊಂಡು ಅವಳು ತವರಿನ ಬಸ್ಸು ಹತ್ತಿದಳು.